ದಾರ ಎಸೆಯಲು ಬಾರದವನು

"ಅಯ್ಯೋ! ಅಲ್ಲಾಡಬೇಡಿ... ದಯವಿಟ್ಟು ಅಲ್ಲಾಡಬೇಡಿ!"

ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ ಅವಳು ಉಸಿರು ಬಿಗಿಹಿಡಿದಳು. ಹಿಂದಿನಿಂದ ಹಾರಿ ಬಂದ ಗಾಳದ ಕೊಕ್ಕೆ ಅವಳ ಸ್ವೆಟರಿನ ತೋಳಿಗೆ ಸಿಕ್ಕಿಕೊಂಡಿತ್ತು. ದಾರದ ಇನ್ನೊಂದು ತುದಿಯಲ್ಲಿ, ಗಾಳದ ಕೋಲನ್ನು ಪೊರಕೆಯಂತೆ ಹಿಡಿದುಕೊಂಡು ಒಬ್ಬ ಎತ್ತರದ ಗಂಡಸು ಬೆಪ್ಪಾಗಿ ನಿಂತಿದ್ದ.

"ಮೀನು ಆ ಕಡೆ ಇದೆ," ಎಂದಳು ಅವಳು.

ತನ್ನ ಬಾಯಿಂದ ತಮಾಷೆ ಬಂದದ್ದು ಅವಳಿಗೇ ಆಶ್ಚರ್ಯ! ಹೊಸಬರ ಮುಂದೆ ಅವಳ ನಾಲಿಗೆ ಹೊರಳುವುದೇ ಅಪರೂಪ.

ಅವನು ಭಾವನ ಸ್ನೇಹಿತ. ಭಾವನ ಆಫೀಸಿನ ಕಟ್ಟಡದಲ್ಲಿ ಲಿಫ್ಟ್ ರಿಪೇರಿ ಮಾಡುವವನು. ಬೆಳಗಿನ ಬಸ್ಸಿನಲ್ಲಿ ಬಂದು ಇವರನ್ನು ಕೂಡಿಕೊಂಡಿದ್ದ. ಭಾವ ಎಂದರೆ ಅವಳ ಬಾಲ್ಯದ ಗೆಳತಿಯ ಗಂಡ. ಗೆಳತಿಗೆ ಎಲ್ಲರೂ ಇಟ್ಟ ಹೆಸರು ಜೋರಮ್ಮ. ಆಸ್ಪತ್ರೆಯ ನರ್ಸ್; ರೋಗಿಗಳಿರಲಿ, ಡಾಕ್ಟರೂ ಅವಳಿಗೆ ಹೆದರುತ್ತಿದ್ದರು. ಭಾವನ ಹಳೆಯ ವ್ಯಾನಿನಲ್ಲಿ ನದಿಯ ಜೊತೆಜೊತೆಗೇ ಹೋಗುವುದು, ಕಂಡಲ್ಲಿ ನಿಲ್ಲಿಸಿ ಗಾಳ ಹಾಕುವುದು, ಸಿಕ್ಕ ಮೀನನ್ನು ಮತ್ತೆ ನೀರಿಗೆ ಬಿಡುವುದು... ಅಷ್ಟೇ ಈ ಪ್ರವಾಸ.

"ಇವನಿಗೆ ಏನೂ ಬರಲ್ಲ ಕಣೇ, ನೀನೇ ಕಲಿಸು," ಎಂದು ದಡದಿಂದಲೇ ಕೂಗಿದಳು ಜೋರಮ್ಮ. "ನನಗೆ ಅಷ್ಟು ತಾಳ್ಮೆ ಇಲ್ಲ!"

"ಮೇಲೆ ಹೋಗೋದು, ಕೆಳಗೆ ಬರೋದು ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ ಮೇಡಂ," ಎಂದ ಅವನು ತಲೆ ಕೆರೆದುಕೊಳ್ಳುತ್ತ.

ಅವಳು ನಕ್ಕುಬಿಟ್ಟಳು.

ಹೀಗೆ ಶುರುವಾಯಿತು ಪಾಠ.

ಅವಳು ಹಲ್ಲಿನ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬೆಳಗಿನಿಂದ ಸಂಜೆಯವರೆಗೆ ದೀಪದ ಕೆಳಗೆ ಕುಳಿತು ಕೃತಕ ಹಲ್ಲುಗಳಿಗೆ ನಿಜದ ಬಣ್ಣ, ನಿಜದ ಸವೆತ ಕೊಡುವುದು ಅವಳ ಕಸುಬು. ಗರಿ, ದಾರ ಸುತ್ತಿ ಕೊಕ್ಕೆಯ ಮೇಲೆ ಹುಸಿ ನೊಣ ಕಟ್ಟುವುದೂ ಅದೇ ಕೈಗಳಿಗೆ ಒಲಿದಿತ್ತು. ನೀರಿನ ಮೇಲೆ ಯಾವ ಹುಳ ಹಾರುತ್ತಿದೆ, ಮೀನು ಯಾವುದಕ್ಕೆ ಬಾಯಿ ಹಾಕುತ್ತಿದೆ ಎಂದು ನೋಡಿ, ಅದರದೇ ನಕಲು ಕಟ್ಟಿ ತೋರಿಸಬೇಕು. ಫ್ಲೈ ಫಿಶಿಂಗ್ ಎಂದರೆ ಅಷ್ಟೇ.

"ಮೊದಲು ನೀರು ನೋಡಿ," ಎಂದಳು ಅವಳು. "ಎಸೆಯೋ ಅವಸರ ಬೇಡ. ಹಾಂ... ಈಗ ಮಣಿಕಟ್ಟು ಬಿಗಿಯಾಗಿ ಹಿಡೀರಿ. ಹೀಗೆ."

ಅವನ ಮಣಿಕಟ್ಟಿನ ಮೇಲೆ ಅವಳ ಬೆರಳುಗಳಿದ್ದವು. ಅವನು ಕಲಿಯುತ್ತಿದ್ದ, ತಪ್ಪುತ್ತಿದ್ದ, "ಇನ್ನೊಂದು ಸಲ ತೋರಿಸ್ತೀರಾ?" ಎನ್ನುತ್ತಿದ್ದ.

ಯಾರಾದರೂ ತನ್ನಿಂದ ಏನಾದರೂ ಕಲಿತದ್ದು ಅವಳಿಗೆ ನೆನಪಿರಲಿಲ್ಲ. ಹೋದ ವರ್ಷ ಮುರಿದುಬಿದ್ದ ನಿಶ್ಚಿತಾರ್ಥದ ಗಂಡು, ಅವಳು ಚಮಚ ಹಿಡಿಯುವುದರಿಂದ ಹಿಡಿದು ನಗುವುದರವರೆಗೆ ಎಲ್ಲವನ್ನೂ ತಿದ್ದುತ್ತಿದ್ದ. ಆಗಿನಿಂದ ಅವಳು ಪ್ರತಿ ಮಾತನ್ನೂ ಮನಸ್ಸಿನಲ್ಲಿ ಎರಡೆರಡು ಸಲ ತೂಗಿ, ಕೊನೆಗೆ ಆಡದೆಯೇ ಬಿಟ್ಟುಬಿಡುತ್ತಿದ್ದಳು.

ಇವನೋ... ಬೆಳಗ್ಗೆ ಅವಳಾಗಿ ಬಾಯಿ ಬಿಡುವವರೆಗೆ ಮಾತನಾಡುತ್ತಿರಲಿಲ್ಲ. ಊಟಕ್ಕೆ ಕೂತರೆ ಅವಳ ತಟ್ಟೆಯತ್ತ ನೋಡುತ್ತಿರಲಿಲ್ಲ. ಹಳೆಯದೊಂದನ್ನೂ ಕೆದಕುತ್ತಿರಲಿಲ್ಲ.

'ನನಗಾಗಿಯೇ ಹೇಳಿ ಮಾಡಿಸಿದ ಹಾಗಿದ್ದಾನಲ್ಲ!' ಎಂದುಕೊಂಡಳು. ಆ ಯೋಚನೆಗೇ ನಾಚಿ, ಸ್ವೆಟರಿನೊಳಗೆ ಮುಖ ಹುದುಗಿಸಿಕೊಂಡಳು.

ಪ್ರವಾಸದ ಕೊನೆಯ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ದಡದ ಗುಂಟ ನಡೆದಳು. ಇವತ್ತು ಅವನಿಗೆ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಡಬೇಕು. ಹೇಗೆ ಶುರು ಮಾಡುವುದು?

ನದಿಯ ತಿರುವಿನಲ್ಲಿ, ಅವಳಿಗೆ ಬೆನ್ನು ಹಾಕಿ ಯಾರೋ ಗಾಳ ಎಸೆಯುತ್ತಿದ್ದರು.

ದಾರ ಹಿಂದಕ್ಕೆ ಹಾರಿ, ಪೂರ್ತಿ ಬಿಚ್ಚಿಕೊಂಡು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಮುಂದಕ್ಕೆ ಬಂದು, ಆಚೆ ದಡದ ನೀರಿನ ಮೇಲೆ ಸದ್ದಿಲ್ಲದೆ ಮಲಗುತ್ತಿತ್ತು. ಅಂಥ ಎಸೆತವನ್ನು ಅವಳು ಕಂಡಿರಲಿಲ್ಲ!

'ಎಂಥ ಕೈ... ಇವರನ್ನು ಕರೆದು ಅವನಿಗೆ ತೋರಿಸಬೇಕು.'

ಆ ಮನುಷ್ಯ ಟೋಪಿ ತೆಗೆದು ಹಣೆ ಒರೆಸಿಕೊಂಡ. ಪಕ್ಕಕ್ಕೆ ತಿರುಗಿದ.

ಅವನೇ!

ಅವಳು ವ್ಯಾನಿನತ್ತ ಓಡಿದಳು.

ಜೋರಮ್ಮ ಸ್ಟವ್ ಹಚ್ಚುತ್ತಿದ್ದಳು. ಭಾವ ಹಲ್ಲುಜ್ಜುತ್ತಿದ್ದ.

"ಅವರಿಗೆ ದಾರ ಎಸೆಯೋಕೆ ಬರುತ್ತೆ," ಎಂದಳು ಅವಳು. ದನಿ ತನ್ನದಲ್ಲವೆನಿಸಿತು.

"ಬರದೆ ಏನು? ಪ್ರತಿ ಭಾನುವಾರ ಕೆರೆ ಹತ್ರ ಕ್ಲಾಸ್ ತಗೋ..." ಭಾವ ನಾಲಿಗೆ ಕಚ್ಚಿಕೊಂಡ. ಹೆಂಡತಿ ಅವನನ್ನು ಸುಟ್ಟುಬಿಡುವಂತೆ ನೋಡಿದಳು.

"ಬೆಳಗ್ಗೆ ನನ್ನ ಹತ್ರ ಮಾತಾಡಬಾರದು ಅಂತ ಹೇಳಿಕೊಟ್ಟವರು ಯಾರು?"

ಜೋರಮ್ಮ ಸ್ಟವ್ವಿನ ಮೇಲೆ ಬಾಗಿದಳು.

"ನನ್ನ ತಟ್ಟೆ ನೋಡಬಾರದು ಅಂತ? ಆ ನಿಶ್ಚಿತಾರ್ಥದ ಸುದ್ದಿ ಎತ್ತಬಾರದು ಅಂತ?"

"ಅಲ್ಲ ಕಣೇ... ಎಲ್ಲಾ ಬಲ್ಲ ಗಂಡಸರನ್ನ ಕಂಡ್ರೆ ನೀನು ಮುದುಡಿಕೊಳ್ತೀಯ. ಏನೂ ಬರದವನ ಹಾಗೆ ಇರು ಅಂತ ನಾನೇ ಅವನಿಗೆ..."

"ಈ ಮೀನು ಯಾವ ಹುಳಕ್ಕೆ ಬಾಯಿ ಹಾಕುತ್ತೆ ಅಂತ ನೋಡಿ, ಅದನ್ನೇ ಕಟ್ಟಿಕೊಟ್ಟೆ. ಅಲ್ವಾ?" ಅವಳ ಕಣ್ಣು ತುಂಬಿತು. "ಇಷ್ಟು ವರ್ಷ ನಿನ್ನೊಬ್ಬಳ ಮುಂದೆ ಅತ್ತಿದ್ದೆನಲ್ಲೇ. ಆ ಅಳುವನ್ನೇ ಅವನಿಗೆ ಪಾಠ ಮಾಡಿಬಿಟ್ಟೆಯಾ?"

ಜೋರಮ್ಮ ಸ್ಟವ್ ಆರಿಸಿ, ಅವಳತ್ತ ಕೈ ಚಾಚಿದಳು.

ಅವಳು ಚೀಲ ಹೆಗಲಿಗೇರಿಸಿಕೊಂಡು ಸೇತುವೆಯತ್ತ ಹೊರಟಳು. ಊರಿಗೆ ಹೋಗುವ ಬಸ್ಸು ಅಲ್ಲೇ ನಿಲ್ಲುತ್ತಿತ್ತು.

ದಾರಿಯುದ್ದಕ್ಕೂ ಒಂದೇ ಸಂಕಟ. ಅವನು ಸುಳ್ಳಾಗಿದ್ದರೆ ಸಹಿಸಬಹುದಿತ್ತು. ಆದರೆ ಈ ದಿನಗಳಲ್ಲಿ ತಡವರಿಸದೆ ಮಾತನಾಡಿದವಳು, ನಕ್ಕವಳು, 'ಹೀಗಲ್ಲ, ಹೀಗೆ' ಎಂದು ಕೈ ಹಿಡಿದು ತೋರಿಸಿದವಳು... ಅವಳೂ ಸುಳ್ಳೇ? ಎಲ್ಲರೂ ಸೇರಿ ಕರುಣೆಯಿಂದ ಗೆಲ್ಲಿಸಿದ ಮಗುವೇ ತಾನು?

ಸೇತುವೆಯ ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತಳು. ಸ್ವಲ್ಪ ಹೊತ್ತಿಗೆ ಅವನು ಏದುಸಿರು ಬಿಡುತ್ತ ಬಂದ. ಬೆಂಚಿನ ಆ ತುದಿಯಲ್ಲಿ ಕುಳಿತ.

"ಬಸ್ ಬರೋವರೆಗೆ ಇಲ್ಲಿರ್ತೀನಿ. ಬೈದ್ರೆ ಬೈಸಿಕೊಳ್ತೀನಿ."

"ಬೈಯೋಕೆ ನೀವು ಯಾರು ಅಂತಲೇ ನನಗೆ ಗೊತ್ತಿಲ್ಲ!"

ಅವನು ತಲೆ ತಗ್ಗಿಸಿದ. "ಮೊದಲ ದಿನ ಜೋರಮ್ಮ ಹೇಳಿದ್ರು ಅಂತ ಮಾಡ್ದೆ. ಆಮೇಲಿನದ್ದು ಅವರ ತಪ್ಪಲ್ಲ. ಪ್ರತಿ ಸಂಜೆ ಹೇಳಿಬಿಡಬೇಕು ಅಂತಿದ್ದೆ. ಹೇಳಿದ್ರೆ ನೀವು ಕೈ ಹಿಂದಕ್ಕೆ ತಗೋತೀರಿ... ಅದು ಬೇಡವಾಗಿತ್ತು. ನನ್ನ ಆಸೆಬುರುಕತನ ಅಷ್ಟೇ."

ಅವಳು ನದಿಯನ್ನೇ ನೋಡುತ್ತಿದ್ದಳು.

"ಒಂದು ಕೇಳ್ತೀನಿ. ಇದೊಂದಕ್ಕಾದ್ರೂ ನಿಜ ಹೇಳಿ. ನಾನು ಕಲಿಸಿದ್ದರಲ್ಲಿ ಏನು ತಪ್ಪಿತ್ತು?"

ಅವನು ತಲೆ ಎತ್ತಿ ಅವಳ ಮುಖ ನೋಡಿದ.

"ನಿಮ್ಮ ಎಸೆತ ಚೆನ್ನಾಗಿಲ್ಲ," ಎಂದ. "ದಾರ ಹಿಂದೆ ಪೂರ್ತಿ ಬಿಚ್ಚೋಕೆ ಮುಂಚೆ ಮುಂದಕ್ಕೆ ಎಳೀತೀರಿ. ಎದುರುಗಾಳಿ ಇದ್ರೆ ಅರ್ಧಕ್ಕೇ ಬೀಳುತ್ತೆ. ನನ್ನ ಕ್ಲಾಸಿನಲ್ಲಿದ್ರೆ ಮೊದಲಿಂದ ಮಾಡಿಸ್ತಿದ್ದೆ."

ಅವಳ ಮುಖ ಕೆಂಪಾಯಿತು. ಆದರೆ ವಿಚಿತ್ರ... ಎದೆಯೊಳಗಿನ ಬಿಗಿತ ಸಡಿಲವಾಯಿತು! ಇಷ್ಟು ದಿನಗಳಲ್ಲಿ ಅವನು ಅವಳನ್ನು ಮೆಚ್ಚಿಸಲು ಆಡದ ಮೊದಲ ಮಾತು ಅದು.

"ಬೆಳಗ್ಗೆ ನಿಮಗೆ ಒಂದಾದ್ರೂ ಮೀನು ಸಿಕ್ತಾ?" ಎಂದು ಕೇಳಿದಳು.

"ಇಲ್ಲ. ಮೀನಿರಲಿಲ್ಲ."

"ಇತ್ತು. ನಿಮ್ಮ ಕಾಲಬುಡದಲ್ಲೇ, ಬೇರಿನ ನೆರಳಲ್ಲಿ. ದಡದ ಮೇಲಿಂದ ನನಗೆ ಕಾಣ್ತಿತ್ತು. ನೀವು ಆಚೆ ದಡಕ್ಕೆ ಎಸೀತಾ ಇದ್ರಿ. ಕೆಳಗೆ ನೋಡಲೇ ಇಲ್ಲ."

ಅವನು ನೀರಿನತ್ತ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ: "ಯಾರೂ ನನಗೆ ನೀರು ನೋಡೋಕೆ ಕಲಿಸಿರಲಿಲ್ಲ. ನೀವು ಕಲಿಸಿದ್ದರಲ್ಲಿ ಅದನ್ನ ಮಾತ್ರ ನಾನು ನಟಿಸ್ಲಿಲ್ಲ. ನಿಜವಾಗ್ಲೂ ಗೊತ್ತಿರ್ಲಿಲ್ಲ... ಇನ್ನೂ ಬಂದಿಲ್ಲ, ನೋಡಿ."

ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಿತು. ಅವಳು ಎದ್ದಳು. ಅವನೂ ಎದ್ದು, ಅವಳ ಚೀಲವನ್ನು ಎತ್ತಿ ಕೊಟ್ಟ. ತಡೆಯಲಿಲ್ಲ.

"ಹತ್ತೀರಾ, ಇಲ್ವಾ? ಇಬ್ಬರೂ ಕಂಬದ ಹಾಗೆ ನಿಂತಿದ್ದೀರಲ್ಲ!" ಎಂದು ರೇಗಿದ ಡ್ರೈವರ್.

ಅವಳು ಮೆಟ್ಟಿಲನ್ನು ನೋಡಿದಳು. ಮನಸ್ಸಿನಲ್ಲಿ ಯಾವ ಮಾತನ್ನೂ ತೂಗಲಿಲ್ಲ.

"ಇಲ್ಲ. ನೀವು ಹೋಗಿ."

ಬಸ್ಸು ಗೊಣಗುತ್ತ ಸೇತುವೆ ದಾಟಿತು.

"ಕೋಪ ಹೋಗಿಲ್ಲ," ಎಂದಳು ಅವಳು. "ಜೋರಮ್ಮನ ಮೇಲಂತೂ ಸದ್ಯಕ್ಕೆ ಹೋಗೋದೂ ಇಲ್ಲ. ನಿಮ್ಮನ್ನ ಪ್ರೀತಿಸಿಬಿಟ್ಟೆನಲ್ಲ ಅಂತ ನನ್ನ ಮೇಲೂ ಕೋಪ ಇದೆ!"

ಅವನ ಕಣ್ಣಲ್ಲಿ ನೀರಾಡಿತು. "ನಾನೂ... ನಾನೂ ನಿಮ್ಮನ್ನ..."

"ನನಗೆ ಏನಿಷ್ಟ ಅಂತ ನಿಮಗೆ ಎಲ್ಲಾ ಗೊತ್ತು. ನಿಮಗೇನಿಷ್ಟ ಅಂತ ನನಗೆ ಏನೂ ಗೊತ್ತಿಲ್ಲ."

"ಹೇಳ್ಲಾ?"

"ಬೇಡ. ನಾನೇ ನೋಡಿ ಕಂಡುಕೊಳ್ತೀನಿ. ತುಂಬಾ ಹೊತ್ತು ಹಿಡಿಯುತ್ತೆ."

"ಎಷ್ಟು ಹೊತ್ತು?"

ಅವಳು ಬೆಂಚಿನ ಮೇಲೆ, ಈ ಸಲ ಅವನ ಪಕ್ಕದಲ್ಲೇ ಕುಳಿತಳು.

"ನಿಮಗೆ ಎಲ್ಲಿಗಾದ್ರೂ ಹೋಗೋದಿದೆಯಾ?"

"ಎಲ್ಲಿಗೂ ಇಲ್ಲ," ಎಂದ ಅವನು.