ರಿಪೇರಿಯ ಸದ್ದು

ಮುಂಡರಗಿ ದಾಟಿ ಗದಗ ರಸ್ತೆ ಹತ್ತಿದ ಕೂಡಲೇ ಕಿವಿಗಂಬಕ್ಕೆ ಫಕೀರವ್ವನ ಗಾಡಿ ಕೇಳಿಸಿತು. ನೋಡಲು ಆ ಕಿವಿಗಂಬ ದೀಪದ ಕಂಬದಂತೆಯೇ ಇತ್ತು. ಆದರೆ ಮೈತುಂಬ ಸಾಸಿವೆ ಕಾಳಿನಷ್ಟು ಸಣ್ಣ ಮೈಕುಗಳು. ಹಾದುಹೋಗುವ ವಾಹನದ ಒಳಸದ್ದನ್ನು ಗಾಳಿಯಿಂದಲೂ ಟೈರಿನಿಂದಲೂ ಬೇರ್ಪಡಿಸಿ, ಯಾವ ಬೇರಿಂಗ್ ಸವೆದಿದೆ, ಗೇರಿನ ಯಾವ ಹಲ್ಲು ಮುಕ್ಕಾಗಿದೆ ಎಂದು ಅದು ಕ್ಷಣದಲ್ಲಿ ಹೇಳಬಲ್ಲದು. 2056ರ ಹೊತ್ತಿಗೆ ಈ ಕಂಬಗಳಿಲ್ಲದ ಹೆದ್ದಾರಿಯೇ ಇರಲಿಲ್ಲ. ಗಾಡಿ ಕೆಟ್ಟು ದಾರಿಯಲ್ಲಿ ಸಾಯುವವರ ಸಂಖ್ಯೆ ಬೆರಳೆಣಿಕೆಗೆ ಇಳಿದಿತ್ತು. ಅದನ್ನು ಫಕೀರವ್ವನೂ ಅಲ್ಲಗಳೆಯುತ್ತಿರಲಿಲ್ಲ.

ಆ ಶನಿವಾರ ಕಂಬದ ನೆತ್ತಿಯಲ್ಲಿ ಕೆಂಪು ದೀಪ ಹತ್ತಿತು. ಗಾಡಿಯೊಳಗಿನ ಸ್ಪೀಕರಿನಲ್ಲಿ ನಯವಾದ ದನಿಯೊಂದು ಹೇಳಿತು: "ಮೂರನೇ ಗೇರಿನಲ್ಲಿ ದೋಷ. ಹತ್ತು ದಿನಗಳೊಳಗೆ ಅಧಿಕೃತ ಕೇಂದ್ರದಲ್ಲಿ ಗೇರ್‌ಬಾಕ್ಸನ್ನು ಪೂರ್ತಿ ಬದಲಾಯಿಸಿ. ತಪ್ಪಿದಲ್ಲಿ ವಾಹನವನ್ನು ಗುಜರಿಗೆ ಒಪ್ಪಿಸಲಾಗುವುದು."

"ಬದಲಾಯಿಸಾಕ ಎಲ್ಲಿ ಅದಾವ?" ಎಂದಳು ಫಕೀರವ್ವ. ಕೈಯಿಂದ ಗೇರು ಹಾಕುವ ಗಾಡಿಗಳ ತಯಾರಿಕೆ ನಿಂತು ಹನ್ನೆರಡು ವರ್ಷವಾಗಿತ್ತು. ಬದಲಾಯಿಸಿ ಎಂದರೆ ಕೈಬಿಡಿ ಎಂದೇ ಅರ್ಥ. ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಕಾನೂನಿಗೆ ಇರಲಿಲ್ಲ, ಅಷ್ಟೆ.

ಹಿಂದಿನ ಸೀಟಿನಲ್ಲಿ ಮೂವರು ಕುಳಿತಿದ್ದರು. ಮೂವರ ಮೂತ್ರಪಿಂಡಗಳೂ ಸೋತಿದ್ದವು. ವಾರಕ್ಕೆ ಮೂರು ಸಲ ಗದಗಿನ ಆಸ್ಪತ್ರೆಯಲ್ಲಿ ಯಂತ್ರವೇ ಅವರ ರಕ್ತ ತೊಳೆಯಬೇಕು. ತಾವೇ ಓಡುವ ಹೊಸ ಕಾರುಗಳು ಡಾಂಬರು ಮುಗಿದಲ್ಲಿ ನಿಂತುಬಿಡುತ್ತಿದ್ದವು. ಕಪ್ಪತಗುಡ್ಡದ ಕಲ್ಲುದಾರಿ ಹತ್ತಿ ಅವರನ್ನು ಕರೆತರುತ್ತಿದ್ದದ್ದು ಈ ಒಂದೇ ಗಾಡಿ.

"ಗಾಡಿ ಗುಜರಿಗೆ ಹ್ವಾದ್ರ ನಾನೂ ಅದರ ಹಿಂದ ಹೋಗೋದ ಅನ್ನು," ಎಂದ ಯಮನೂರಪ್ಪ. ಹಿಂದೆ ಬಡಗಿಯಾಗಿದ್ದವನು. ಸಾವಿನ ಮಾತನ್ನೂ ನಗುತ್ತಲೇ ಆಡುವ ಮುದುಕ.

"ಸುಮ್ಮನ ಕುಂದರ್ರಿ ಕಾಕಾ. ಕಂಬ ಹೇಳಿದ್ದು ಖರೇ ಐತಿ. ಏರಿನ್ಯಾಗ ಮೂರನೇ ಗೇರು ತಾನ ಜಾರಾಕತ್ತೈತಿ. ನಾಳೆ ಬಿಚ್ಚಿ ನೋಡ್ತೀನಿ."

ಫಕೀರವ್ವ ಇಪ್ಪತ್ತೆರಡು ವರ್ಷ ಗುಡ್ಡದ ಮೇಲಿನ ಗಾಳಿಯಂತ್ರಗಳಲ್ಲಿ ದುಡಿದವಳು. ಎಂಬತ್ತು ಮೀಟರ್ ಏಣಿ ಹತ್ತಿ, ಲಾರಿಯಷ್ಟು ದೊಡ್ಡ ಗೇರ್‌ಬಾಕ್ಸುಗಳ ಹೊಟ್ಟೆಗೆ ಕೈಹಾಕಿದ್ದವಳಿಗೆ ಕಾರಿನದು ಮಕ್ಕಳಾಟ. ರವಿವಾರ ಅಂಗಳದಲ್ಲಿ ಎಣ್ಣೆ ಇಳಿಸಿದಾಗ ತಳದ ಆಯಸ್ಕಾಂತಕ್ಕೆ ಉಗುರಿನಷ್ಟು ಉಕ್ಕಿನ ಚೂರು ಅಂಟಿಕೊಂಡಿತ್ತು. ಮೂರನೇ ಗೇರಿನ ಒಂದು ಹಲ್ಲು ಮುರಿದಿತ್ತು. ಗೇರು ಜಾರದಂತೆ ತಡೆಹಿಡಿಯುವ ಪುಟ್ಟ ಸ್ಪ್ರಿಂಗು ಸೋತಿತ್ತು. ಬೇರಿಂಗನ್ನು ತಿರುಗಿಸಿದರೆ ಒಳಗೆ ಮರಳು ಇದ್ದಂತೆ ಕರಕರ. ಬೆಟಗೇರಿಯ ಗುಜರಿಯಲ್ಲಿ ಬಿದ್ದಿದ್ದ ಅದೇ ಜಾತಿಯ ಕಾರಿನಿಂದ ಗೇರನ್ನೂ ಸ್ಪ್ರಿಂಗನ್ನೂ ಬಿಚ್ಚಿ ತಂದಳು. ಪಂಪಿನ ಅಂಗಡಿಯಲ್ಲಿ ಸರಿಯಾದ ಅಳತೆಯ ಬೇರಿಂಗ್ ಸಿಕ್ಕಿತು. ಸೋಮವಾರ ಸಂಜೆಗೆ ಗಾಡಿ ಗುಡ್ಡ ಹತ್ತಿ ಇಳಿಯಿತು. ಗೇರು ಜಾರಲಿಲ್ಲ. ಮೂರನೆಯದರಲ್ಲಿ ಮಾತ್ರ ಸಣ್ಣಗೆ ಕುಂಯ್ ಎನ್ನುತ್ತಿತ್ತು.

ಮಂಗಳವಾರ ಕಂಬ ಮತ್ತೆ ಕೆಂಪಾಯಿತು. "ದೋಷ ಮುಂದುವರಿದಿದೆ. ಇನ್ನು ಏಳು ದಿನ."

"ದೋಷ ಅಲ್ಲ ಅದು!" ಫಕೀರವ್ವ ಸ್ಟೇರಿಂಗ್ ಗುದ್ದಿದಳು. "ಬ್ಯಾರೆ ಬ್ಯಾರೆ ಮನೀ ಹಲ್ಲು. ಒಂದಕ್ಕೊಂದು ಹೊಂದಿಕೊಳ್ಳಾಕ ಎರಡು ತಿಂಗಳು ಬೇಕು."

"ನನ್ನ ಮಾತು ಕೇಳು," ಎಂದ ಯಮನೂರಪ್ಪ. "ಮೂರು ಹಿಡಿ ಕಟಗಿ ಹೊಟ್ಟು ಎಣ್ಣಿಯೊಳಗ ಕಲಸು. ಹಳೇ ಗಾಡಿ ಮಾರೋರು ಹಿಂಗ ಮಾಡ್ತಿದ್ರು. ಉಸಿರು ಸೈತ ಕೇಳಂಗಿಲ್ಲ."

ಆ ಉಪಾಯ ಅವಳಿಗೂ ಗೊತ್ತಿತ್ತು. ಮರದ ಪುಡಿ ಹಲ್ಲುಗಳ ನಡುವೆ ಮೆತ್ತೆಯಾಗಿ ಕುಳಿತು ಸದ್ದು ಅಡಗಿಸುತ್ತದೆ. ಕಂಬ ಹಸಿರು ತೋರಿಸುತ್ತದೆ. ಆಮೇಲೆ ಅದೇ ಪುಡಿ ಎಣ್ಣೆಯ ದಾರಿ ಕಟ್ಟಿ, ಯಾವುದೋ ಏರಿನಲ್ಲಿ ಗೇರ್‌ಬಾಕ್ಸ್ ಕಚ್ಚಿಕೊಂಡು ನಿಲ್ಲುತ್ತದೆ, ಒಳಗೆ ಈ ಮೂವರು ಇರುವಾಗಲೇ. ಮೋಸದ ಗಾಡಿಗೆ ಹಸಿರು, ನೆಟ್ಟಗಾದ ಗಾಡಿಗೆ ಕೆಂಪು. ಅವಳಿಗೆ ಮೈಯೆಲ್ಲ ಉರಿಯಿತು.

"ಹೊಟ್ಟು ಹಾಕಂಗಿಲ್ಲ ಕಾಕಾ. ಆ ಕಂಬ ಮಾಡಿದಾವನ್ನ ಇಲ್ಲಿಗೆ ಕರಸ್ತೀನಿ."

ಅಂದೇ ಪತ್ರ ಬರೆದಳು. "ನಿಮ್ಮ ಕಂಬ ಮೊದಲ ಸಲ ಹೇಳಿದ್ದು ನಿಜ. ಈಗ ಹೇಳುತ್ತಿರುವುದು ಸುಳ್ಳು. ಬಂದು ಕೇಳಿ."

ಬರುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡಿದ್ದರು. ಒಂಬತ್ತನೆಯ ದಿನ, ಸೋಮವಾರ, ಕಂಬಕ್ಕೆ ಕೇಳುವುದನ್ನು ಕಲಿಸಿದ ಡಾ. ಚಿರಂತನ ಹೆಬ್ಬಾರರು ಮೈಸೂರಿನಿಂದ ಬಂದೇ ಬಿಟ್ಟರು. ಐವತ್ತಾರರ ತೆಳ್ಳನೆಯ ಮನುಷ್ಯ. ಚೀಲದಿಂದ ಕಂಬದ ಪುಟ್ಟ ರೂಪದಂಥ ಕಿವಿಯಂತ್ರ ತೆಗೆದು, ಜಾಕಿನ ಮೇಲೆ ನಿಂತು ಮೂರನೇ ಗೇರಿನಲ್ಲಿ ಚಕ್ರ ತಿರುಗಿಸುತ್ತಿದ್ದ ಗಾಡಿಗೆ ಹಿಡಿದರು. ಕೆಂಪು.

"ದೋಷ ಇದೆಯಮ್ಮ. ಅರವತ್ತು ಲಕ್ಷ ಸದ್ದು ಕೇಳಿ ಕಲಿತ ಯಂತ್ರ ಇದು. ನನ್ನ ಕಿವಿಗಿಂತ ಇದನ್ನೇ ನಂಬ್ತೀನಿ ನಾನು."

ಫಕೀರವ್ವ ಮುರಿದ ಗೇರನ್ನೂ ಹಳೆಯ ಬೇರಿಂಗನ್ನೂ ಅವರ ಅಂಗೈಯಲ್ಲಿಟ್ಟಳು. ಅವರು ಬೇರಿಂಗ್ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ಮೂವತ್ತು ವರ್ಷ ಬೇರಿಂಗುಗಳ ಸದ್ದನ್ನೇ ಅಳೆದವರು, ಸವೆದದ್ದೊಂದನ್ನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು.

"ಸರ, ಆ ಅರವತ್ತು ಲಕ್ಷದಾಗ ರಿಪೇರಿ ಆದ ಗಾಡಿ ಎಷ್ಟಿದ್ವು?"

ಹೆಬ್ಬಾರರು ಬೇರಿಂಗನ್ನು ಕೆಳಗಿಟ್ಟರು. ಅವರ ಮುಖ ಸಣ್ಣದಾಯಿತು.

"ಒಂದೂ ಇಲ್ಲ," ಎಂದರು. "ಅರ್ಧ ಶೋರೂಮಿನ ಹೊಸ ಗಾಡಿಗಳದ್ದು, ಅರ್ಧ ಗುಜರಿಗೆ ಬಂದವುಗಳದ್ದು. ನಾನೇ ಓಡಾಡಿ ಸಂಗ್ರಹಿಸಿದ್ದು."

ಹೊಸತಲ್ಲದ್ದೆಲ್ಲ ಕೆಟ್ಟದ್ದು ಎಂದು ಯಂತ್ರ ತಾನಾಗಿ ಕಲಿತಿರಲಿಲ್ಲ.

"ಹಂಗಾರ ಈಗ ಕಲಸ್ರಿ."

"ಕಲಿಸಬಹುದು. ಕಡೇಪಕ್ಷ ಸಾವಿರ ರಿಪೇರಿಯಾದ ಗೇರ್‌ಬಾಕ್ಸ್ ಬೇಕು. ಅಲ್ಲಿವರೆಗೆ ಕಂಬದ ತೀರ್ಪು ಬದಲಿಸೋ ಅಧಿಕಾರ ನನಗೂ ಇಲ್ಲ."

"ಸಾವಿರ ಆಗೋತನಕ ಯಮನೂರಪ್ಪ ಕಾಕಾನ ರಕ್ತ ಕಾಯಂಗಿಲ್ರಿ. ನಾಳೆ ಮುಂಜಾನಿ ಎಂಟಕ್ಕ ನನ್ನ ಗಾಡಿ ಹೊಂಡತೈತಿ. ಮುಂದಿನ ಸೀಟು ಖಾಲಿ ಐತಿ."

ಬೆಳಿಗ್ಗೆ ಹೆಬ್ಬಾರರು ಬಂದು ಕುಳಿತರು. ಮಡಿಲಲ್ಲಿ ರೆಕಾರ್ಡರ್. ಹೆದ್ದಾರಿಯಲ್ಲಿ ಕಂಬ ಕೆಂಪಾಯಿತು. "ಗಡುವು ಮುಗಿದಿದೆ. ವಾಹನವನ್ನು ಬದಿಗೆ ನಿಲ್ಲಿಸಿ."

ಫಕೀರವ್ವ ಮೂರನೇ ಗೇರು ಹಾಕಿದಳು. ಗಾಡಿ ಕುಂಯ್ ಎನ್ನುತ್ತ ಕಂಬವನ್ನು ದಾಟಿತು. ನಿಲ್ಲಿಸಿ, ನಿಲ್ಲಿಸಿ ಎಂದು ದನಿ ಹಿಂದೆ ಬಿತ್ತು.

"ಕೇಳಸವಲ್ದು ಅನ್ನು ಅದಕ್ಕ!" ಎಂದು ಯಮನೂರಪ್ಪ ಕೂಗಿದ.

ನೋಟೀಸು ಬರುತ್ತದೆ, ಪೊಲೀಸರೂ ಬರಬಹುದು. ಬರಲಿ ಎಂದುಕೊಂಡಳು. ಅವರಿಗೂ ಗೇರ್‌ಬಾಕ್ಸ್ ಬಿಚ್ಚಿ ತೋರಿಸುವುದಕ್ಕೆ ಅವಳು ತಯಾರಿದ್ದಳು. ಪಕ್ಕದಲ್ಲಿ ಹೆಬ್ಬಾರರು ಪುಸ್ತಕದಲ್ಲಿ ಬರೆದರು: ರಿಪೇರಿಯಾದದ್ದು, ಒಂದು.

"ಉಳಿದಾವು ಎಲ್ಲಿ ಸಿಗ್ತಾವ್ರಿ ಸರ?"

ಅವರು ಪುಸ್ತಕ ಮುಚ್ಚಿದರು.

"ಗೊತ್ತಿಲ್ಲಮ್ಮ. 2026ರಲ್ಲಿ ಶೋರೂಮಿಗೂ ಗುಜರಿಗೂ ನಡುವೆ ಒಂದು ಓಣಿ ಇತ್ತು. ಎರಡೂ ಕಡೆ ಗ್ಯಾರೇಜು. ಅಲ್ಲೇ ನಿಂತಿದ್ರೆ ವರ್ಷದೊಳಗೆ ಸಾವಿರ ಸಿಗ್ತಿತ್ತು. ದಿನಾ ಬೈಕಲ್ಲಿ ಅದೇ ದಾರಿ ನನ್ನದು. ಗಲಾಟೆ ಜಾಸ್ತಿ ಅಂತ ಇಯರ್‌ಫೋನ್ ಹಾಕ್ಕೊಂಡು ದಾಟಿಬಿಡ್ತಿದ್ದೆ."