ಒಂದು ದಿನ ಹಿಂದೆ ಸರಿದ ತಾರೀಖು

ಆ್ಯಪ್‌ಗಳ ತಪ್ಪು ಹುಡುಕುವ ಟೆಸ್ಟರ್ ತನ್ನ ಮೊಬೈಲನ್ನು ಅವಳ ಮೇಜಿನ ಮೇಲೆ ಕುಕ್ಕಿದ. ಆಫೀಸಿನ ತಲೆಗಳೆಲ್ಲ ಇತ್ತ ತಿರುಗಿದವು.

“ನಮ್ಮಕ್ಕ ತುಂಬು ಬಸುರಿ. ನಿಮ್ಮ ಆ್ಯಪ್ ನಂಬ್ಕೊಂಡು ನಿನ್ನೆ ಸ್ಕ್ಯಾನಿಂಗ್‌ಗೆ ಹೋದ್ಲು. ಅಪಾಯಿಂಟ್‌ಮೆಂಟ್ ಇರೋದು ಇವತ್ತು! ಆಸ್ಪತ್ರೆಯಲ್ಲಿ ಕಾದು ಕಾದು ತಲೆ ತಿರುಗಿ ಬಿದ್ಲು.”

ಆಸ್ಪತ್ರೆಗಳಿಗಾಗಿ ಆ ಆ್ಯಪ್ ಬರೆದವಳು ಅವಳೇ. ಬೆನ್ನ ಹಿಂದೆ ಎಲ್ಲರೂ ಅವಳನ್ನು ‘ಮೆಣಸಿನಕಾಯಿ’ ಅನ್ನುತ್ತಿದ್ದುದು ಸುಮ್ಮನೆ ಅಲ್ಲ.

“ನನ್ನ ಫೋನಲ್ಲಿ ತಾರೀಖು ಸರಿಯಾಗೇ ಬರ್ತಿದೆ.”

“ಪ್ರಪಂಚ ಪೂರ್ತಿ ನಿಮ್ಮ ಫೋನೊಳಗೇ ಇಲ್ಲ, ಮೇಡಂ.”

“ಕೂಗಾಡಬೇಡಿ.”

“ಕೂಗದೆ ಹೇಳಿದಾಗ ಕೇಳಿದ್ರಾ?”

ಅವಳ ಕಿವಿ ಬಿಸಿಯಾಯಿತು. ಹಲ್ಲು ಕಚ್ಚಿಕೊಂಡು ತನ್ನ ಫೋನಿನ ಟೈಮ್ ಝೋನನ್ನು ದೂರದ ಪಶ್ಚಿಮದಲ್ಲಿದ್ದ ಅವನ ಅಕ್ಕನ ಊರಿಗೆ ಬದಲಿಸಿದಳು. ಕಣ್ಣೆದುರೇ ತಾರೀಖು ಒಂದು ದಿನ ಹಿಂದೆ ಸರಿಯಿತು. ಗಂಟೆ ನಿಮಿಷ ಇಲ್ಲದ ಬರಿಯ ತಾರೀಖಿಗೆ ಅವಳ ಪ್ರೋಗ್ರಾಂ ಇಲ್ಲಿನ ಮಧ್ಯರಾತ್ರಿಯನ್ನು ಅಂಟಿಸಿ, ಆಮೇಲೆ ಅದನ್ನು ಆಯಾ ಊರಿನ ಗಡಿಯಾರಕ್ಕೆ ಹೊಂದಿಸುತ್ತಿತ್ತು. ಇಲ್ಲಿ ಹೊಸ ದಿನ ಹುಟ್ಟುವಾಗ ಅಲ್ಲಿನ್ನೂ ಹಿಂದಿನ ದಿನದ ಸಂಜೆ.

ಅವಳ ಮುಖ ಸಪ್ಪಗಾಯಿತು. ಊಟಕ್ಕೂ ಏಳದೆ ತಿದ್ದಲು ಕೂತಳು. ಗಂಟೆ ನಿಮಿಷ ಇದ್ದರೆ ಮಾತ್ರ ಊರಿಗೆ ತಕ್ಕಂತೆ ಬದಲಾಗಲಿ. ಬರಿಯ ತಾರೀಖು ಎಲ್ಲಿ ಹೋದರೂ ಹಾಗೇ ಇರಲಿ. ಅವನು ಪಕ್ಕದಲ್ಲಿ ಮುಖ ಗಂಟು ಹಾಕಿಕೊಂಡು, ಒಂದೊಂದೇ ದೇಶದ ಸಮಯ ಹಾಕಿ ಪರೀಕ್ಷಿಸಿದ. ಮೊಣಕೈಗೆ ಮೊಣಕೈ ತಾಕಿದರೆ ಇಬ್ಬರೂ ದುರುಗುಟ್ಟಿಕೊಂಡು ನೋಡುತ್ತಿದ್ದರು. ನೋಟ ಕೀಳಲು ಮಾತ್ರ ಇಬ್ಬರೂ ಕೊಂಚ ತಡ ಮಾಡುತ್ತಿದ್ದರು.

“ಈಗ ಸರಿ ಹೋಯ್ತು,” ಅಂದ ಸಂಜೆಗೆ. “ನಾನು ಬೇರೆ ಟೀಮಿಗೆ ಹೋಗ್ತಿದೀನಿ.”

“ಪೀಡೆ ತೊಲಗ್ತು,” ಅಂದಳು. ಅಂದಮೇಲೆ ಎದೆಯಲ್ಲೇನೋ ಚುಳುಕ್ಕೆಂದಿತು. “ಯಾಕೆ?”

“ಹೋದ ವಾರವೇ ಈ ತಪ್ಪು ತೋರಿಸಿದ್ದೆ. ‘ಬಿಡ್ರೀ’ ಅಂತ ನಕ್ಕುಬಿಟ್ರಿ. ಆ ನಗು ನೋಡಿ ಸುಮ್ನಾದೆ. ಬೇರೆ ಯಾರೇ ಆಗಿದ್ರೂ ಬಿಡ್ತಿರ್ಲಿಲ್ಲ. ನಿಮ್ಮನ್ನ ಇಷ್ಟಪಡ್ತಾ ನಿಮ್ಮ ತಪ್ಪು ಹುಡುಕೋದು ನನ್ನಿಂದಾಗಲ್ಲ.”

ಅವಳಿಗೆ ಎಲ್ಲಿಲ್ಲದ ಸಿಟ್ಟು ಬಂತು, ಕಣ್ಣೂ ತುಂಬಿತು.

“ಇಷ್ಟ ಇದ್ದೋರು ಸುಮ್ನಿರ್ತಾರಾ? ಜಗಳ ಆಡ್ಬೇಕು ರೀ! ಮೊದಲು ನಿಮ್ಮ ಅಕ್ಕನಿಗೆ ಫೋನ್ ಮಾಡಿ.”

ಪರದೆಯ ಮೇಲೆ ಅಕ್ಕನ ದಣಿದ ಮುಖ ಮೂಡಿತು. ಆ್ಯಪ್ ಬರೆದವಳು ಕೈ ಮುಗಿದು ಕ್ಷಮೆ ಕೇಳಿದಳು.

“ಸ್ಕ್ಯಾನಿಂಗ್ ಆಯ್ತಮ್ಮ, ಮಗು ಚೆನ್ನಾಗಿದೆ,” ಅಂದಳು ಅಕ್ಕ. “ಅದಿರ್ಲಿ, ನನ್ನ ತಮ್ಮ ಯಾಕೆ ನಿನ್ನ ಪಕ್ಕ ಹಾಗೆ ಬಾಯಿ ಬಿಟ್ಕೊಂಡು ನಿಂತಿದಾನೆ?”

“ಇನ್ಮೇಲೆ ಜೀವನಪೂರ್ತಿ ನನ್ನ ಜೊತೆ ಜಗಳ ಆಡೋಕೆ ಒಪ್ಕೊಂಡಿದಾರೆ, ಅಕ್ಕಾ.”

“ಯಾರು ಒಪ್ಕೊಂಡ್ರು!” ಎಂದು ರೇಗಿದ ಅವನು, ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡೇ.