ವಿಭೂತಿ ಕಾಣದ ಯಮಹಾ

2025ರ ಜೂನ್ 9, ಸೋಮವಾರ ಬೆಳಿಗ್ಗೆ 10.40ಕ್ಕೆ ಮಲ್ಲೇಶ್ ಗುಂಡ್ಲುಪೇಟೆ ಠಾಣೆಗೆ ಬಂದಾಗ ಅವನ ಕೈಯಲ್ಲಿ ಗ್ರೀಸ್ ಇತ್ತು, ಕಣ್ಣಲ್ಲಿ ನೀರಿತ್ತು. 1986ರ ಯಮಹಾ ಆರ್‌ಎಕ್ಸ್ 100 ಬೈಕಿನಿಂದ, ಜಪಾನ್ ಮುದ್ರೆಯಿದ್ದ ಕಾರ್ಬ್ಯುರೇಟರ್ ಕಳವಾಗಿದೆ ಎಂದು ದೂರು ಕೊಟ್ಟ.

“ಬೈಕ್ ಬುಟ್ಟು ಅದೊಂದ್ನೇ ಬಿಚ್ಕಂಡ್ ಓದ್ನಾ? ಮಿಕ್ಕಿದ್ದಕ್ಕೆ ನಾಳಿಕ್ಕೆ ಬತ್ತನೆ ಬುಡಿ,” ಎಂದು ಹೆಡ್ ಕಾನ್‌ಸ್ಟೇಬಲ್ ರಂಗರಾಜು ನಕ್ಕ. ಎಸ್‌ಐ ಶಿವರಂಜಿನಿ ನಗಲಿಲ್ಲ. ಎಫ್‌ಐಆರ್ ದಾಖಲಿಸಿ ಜೀಪು ಹತ್ತಿದಳು.

11.30ಕ್ಕೆ ಮಲ್ಲೇಶನ ಮನೆಯಲ್ಲಿ ಪಂಚನಾಮೆ. ಶೆಡ್ಡಿನ ಬೀಗ ಮುರಿದಿರಲಿಲ್ಲ. ಒಳಗೆ ಯಮಹಾ, ಪಕ್ಕದಲ್ಲಿ 1985ರ ಸುಜುಕಿ. ಮಲ್ಲೇಶ್ ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಮಾರಲು ತೀರ್ಮಾನಿಸಿದ್ದ. ಯಾವುದು ಉಳಿಯಬೇಕೆಂದು ಹೇಳಲು ಚಾಮರಾಜನಗರದಿಂದ ಹಳೇ ಬೈಕುಗಳ ಸಂಗ್ರಹಕಾರ ಶಿವರುದ್ರಸ್ವಾಮಿ ಬಂದಿದ್ದರು.

“ಕಳವಾಗದೇ ಇದ್ದಿದ್ರೆ ಯಾವುದನ್ನ ಉಳಿಸ್ಕೊ ಅಂತಿದ್ರಿ?”

“ಯಮಹಾನೇ ಮೇಡಂ. ಜಪಾನ್ ಪಾರ್ಟು ಹಂಗೇ ಇದ್ವು. ಈಗ ಸುಜುಕಿನೇ ಪೂರ್ತಿ ಒರಿಜಿನಲ್, ಅದೇ ಉಳೀಬೇಕು.”

“ಎಂಗಾಗದು ಸ್ವಾಮಿ?” ಎಂದ ಮಲ್ಲೇಶ್. “ಸುಜುಕಿ ದುಡಿಯಕ್ಕೆ, ಯಮಹಾ ಮೆರೆಯಕ್ಕೆ.”

ಅವನ ಹೆಂಡತಿ ಮಂಗಳಗೌರಿ ಕಾಫಿ ತಂದು ಬಾಗಿಲಲ್ಲಿ ನಿಂತಿದ್ದಳು. ಶಿವರಂಜಿನಿಯ ಕಣ್ಣು ಮಾತ್ರ ಹೆಡ್‌ಲೈಟುಗಳ ಮೇಲಿತ್ತು. ಸುಜುಕಿಯದರ ಮೇಲೆ ಹೊಸದಾಗಿ ಎಳೆದ ಮೂರು ವಿಭೂತಿ ಪಟ್ಟೆ. ಯಮಹಾದ ಗಾಜು ಬೋಳು.

“ಪೂಜೆ ಮಾಡೋದು ಯಾರು?”

“ನಮ್ಮೆಂಗಸ್ರು. ಸೋಮವಾರ ಏಳ್ ಗಂಟ್ಗೆ, ಎರಡುಕ್ಕೂವೆ.”

ಕಳವು ಗೊತ್ತಾಗಿದ್ದು ಹತ್ತು ಗಂಟೆಗೆ. ಹಾಗಿದ್ದರೆ ಏಳಕ್ಕೇ ಯಮಹಾಕ್ಕೆ ವಿಭೂತಿ ತಪ್ಪಿದ್ದು ಏಕೆ?

ಗಂಡಸರನ್ನು ಹೊರಗೇ ನಿಲ್ಲಿಸಿ, ಕಾನ್‌ಸ್ಟೇಬಲ್ ನೀಲಾವತಿಯ ಜೊತೆ ಶಿವರಂಜಿನಿ ಮಂಗಳಗೌರಿಯನ್ನು ಅಡುಗೆಮನೆಗೆ ಕರೆದೊಯ್ದಳು.

“ಇವತ್ತು ಒಂದಕ್ಕೇ ಯಾಕೆ ಹಚ್ಚಿದ್ರಿ?”

ಮಂಗಳಗೌರಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. “ಬಿಚ್ಚುದ್ ಕೈಲೇ ಎಂಗವ್ವ ವಿಭೂತಿ ಹಚ್ಲಿ?”

“ಬಿಚ್ಚೋದು ಕಲಿಸಿದ್ದು ಯಾರು?”

“ಅದ್ನೆಂಟೊರ್ಸ ಸ್ಪ್ಯಾನರ್ ಎತ್ಕೊಟ್ಟೋಳು ನಾನೇ ಅಲ್ವಾ?”

12.50ಕ್ಕೆ, ರಾಗಿ ಡ್ರಮ್ಮಿನಲ್ಲಿ ಹಳೇ ಸೀರೆಯ ತುಂಡಿನೊಳಗೆ ಮಾಲು ಸಿಕ್ಕಿತು. ಧೂಳು ಕೂರದಂತೆ ಎರಡು ಸುತ್ತು ಸುತ್ತಿದ್ದಳು.

“ನಮ್ಮೂರು ಭೀಮನಬೀಡಿಂದ ಮದ್ವೆ ಮಾಡ್ಕಂಡು ಆ ಸುಜುಕೀಲೆ ಕರ್ಕಬಂದ್ರು. ಯಮಹಾ ಬಂದ್ಮೇಲೆ ರಾತ್ರಿ ಹಗಲೂ ಅದ್ನೇ ಒರ್ಸದು. ಒಂದಿನ ಕೂರುಸ್ನಿಲ್ಲ, ಸೀಟು ಸವೆದೋಯ್ತದಂತೆ. ಸುಜುಕೀನೂ ಮಾರ್ಬುಟ್ರೆ ನಾನೆಲ್ಲಿ ಕೂರ್ಲವ್ವ?”

1.15ಕ್ಕೆ ದಸ್ತಗಿರಿ. ದೂರು ವಾಪಸು ತಗೊತೀನಿ ಎಂದು ಮಲ್ಲೇಶ್ ಅಂಗಲಾಚಿದ. ಅದನ್ನು ಕೋರ್ಟಿನಲ್ಲಿ ಹೇಳಿ ಎಂದಳು ಶಿವರಂಜಿನಿ.

ಮಂಗಳಗೌರಿಯನ್ನು ಕೂರಿಸಿಕೊಂಡು ಜೀಪು ಹೊರಟಾಗ ರಂಗರಾಜು ಡೈರಿ ತೆರೆದ. “ಕಾರಣ ಹೊಟ್ಟೆಕಿಚ್ಚು ಅಂತ ಬರೀಲಾ ಮೇಡಂ? ಬೈಕ್ ಮ್ಯಾಲೆ?”

ಶಿವರಂಜಿನಿ ಉತ್ತರಿಸುವ ಮೊದಲೇ ಹಿಂದಿನಿಂದ ಬೈಕಿನ ಸದ್ದು ಕೇಳಿಸಿತು. ಕಾರ್ಬ್ಯುರೇಟರ್ ಜಪ್ತಾಗಿ ಸೀಲಾಗಿದ್ದರಿಂದ ಯಮಹಾ ಚಾಲೂ ಆಗುವಂತಿರಲಿಲ್ಲ. ಮಂಗಳಗೌರಿ ತಿರುಗಿ ನೋಡಲಿಲ್ಲ.

“ಸುಜುಕೀಲಿ ಬತ್ತಾವ್ರೆ,” ಎಂದಳು, ತನ್ನಷ್ಟಕ್ಕೆ.